ಇಂಗಳೀಕ, ಅರದಾಳ ಮತ್ತು ಹೆಸರಿಲ್ಲದ ಬಣ್ಣ

ರಾಜರ ಕತ್ತಿಯಲ್ಲಿ ಇತಿಹಾಸವಿದೆ, ಕೋಟೆಯ ಕಲ್ಲಿನಲ್ಲಿ ಇತಿಹಾಸವಿದೆ ಎಂದರೆ ಎಲ್ಲರೂ ತಲೆದೂಗುತ್ತಾರೆ. ಕುಂಕುಮದ ಭರಣಿಯಲ್ಲಿಯೂ ಇತಿಹಾಸವಿದೆ ಎಂದರೆ ನಗುವವರೇ ಹೆಚ್ಚು. ನರಗುಂದವೆಂದೊಡನೆ ನಮಗೆ 1858ರಲ್ಲಿ ಇಂಗ್ಲಿಷರಿಗೆ ಇದಿರಾಗಿ ನಿಂತ ಬಾಬಾಸಾಹೇಬ ಭಾವೆಯವರು ನೆನಪಾಗುತ್ತಾರೆ. ಗಜೇಂದ್ರಗಡವೆಂದರೆ ಗುಡ್ಡದ ಮೈಗೆ ಅಂಟಿಕೊಂಡಂತಿರುವ ಕಾಲಕಾಲೇಶ್ವರನ ಗುಡಿ, ಘೋರ್ಪಡೆಯವರ ಕೋಟೆ, ಮರಾಠರಿಗೂ ಟೀಪುವಿಗೂ ಆದ 1787ರ ಒಪ್ಪಂದ. ರೋಣವೆಂದರೆ ಹಳೆಯ ಗುಡಿಗಳು, ಶಾಸನಗಳು. ಇವೆಲ್ಲ ದೊಡ್ಡವರ ಇತಿಹಾಸ. ಇದೇ ಮೂರು ಊರುಗಳ ಮನೆಮನೆಯಲ್ಲಿ ದಿನ ಬೆಳಗಾದರೆ ಕನ್ನಡಿಯ ಮುಂದೆ ನಡೆಯುವ ಚಿಕ್ಕದೊಂದು ಕೆಲಸಕ್ಕೂ ಸಾವಿರ ವರ್ಷಗಳ ಕಥೆಯುಂಟು. ಅದರಲ್ಲಿ ಲೋಹವಿದೆ, ವಿಷವಿದೆ, ವ್ಯಾಪಾರವಿದೆ, ಕೊನೆಗೆ ಕಾಯಿದೆಯೂ ಇದೆ. ಅದನ್ನು ಇಲ್ಲಿ ಸ್ವಲ್ಪದರಲ್ಲಿ ಹೇಳಬೇಕೆಂದಿದ್ದೇನೆ.

ಈ ವಿಷಯಕ್ಕೆ ನನ್ನನ್ನು ಎಳೆದು ತಂದವು ಎರಡು ಶಬ್ದಗಳು: ಇಂಗಳೀಕ ಮತ್ತು ಅರದಾಳ. ಕಿವಿಗೆ ಎಂಥ ಇಂಪಾದ ಹೆಸರುಗಳು! ಸಂಸ್ಕೃತದ ಹಿಂಗುಲಿಕ ನಮ್ಮವರ ಬಾಯಲ್ಲಿ ಇಂಗಳೀಕವಾಯಿತು, ಹರಿತಾಲವು ಅರದಾಳವಾಯಿತು. ಶಬ್ದವೊಂದು ಹೀಗೆ ತದ್ಭವವಾಗಬೇಕಾದರೆ ಅದು ಪಂಡಿತರ ಪುಸ್ತಕದಿಂದ ಹೊರಬಿದ್ದು ಸಾವಿರಾರು ನಾಲಗೆಗಳ ಮೇಲೆ ಹೊರಳಿರಬೇಕು. ಅಂದರೆ ಈ ಪದಾರ್ಥಗಳು ಚಿತ್ರಗಾರನ ಮನೆಯಲ್ಲಿ, ವೈದ್ಯನ ಚೀಲದಲ್ಲಿ, ಆಟದವರ ಬಣ್ಣದ ಪೆಟ್ಟಿಗೆಯಲ್ಲಿ ದಿನಬಳಕೆಯ ವಸ್ತುಗಳಾಗಿದ್ದವು ಎಂದಾಯಿತು.

ಇವುಗಳ ಹುಟ್ಟು ಇಂಪಾದುದಲ್ಲ. ಪಾದರಸವೂ ಗಂಧಕವೂ ಕೂಡಿದ ಕೆಂಪು ಖನಿಜವೇ ಇಂಗಳೀಕ. ಪಾಷಾಣದ ಮೂಲವಾದ ಆರ್ಸೆನಿಕ್ ಗಂಧಕದೊಡನೆ ಕೂಡಿದರೆ ಹೊನ್ನಿನ ಹಳದಿಯ ಅರದಾಳ. ಸೀಸವನ್ನು ಗಾಳಿಯಲ್ಲಿ ಬಹಳ ಹೊತ್ತು ಕಾಯಿಸಿದರೆ ಬರುವ ಕಿತ್ತಳೆಗೆಂಪು ಪುಡಿಯೇ ಸಿಂಧೂರ. ಸೀಸದಿಂದಲೇ ಬಿಳಿಯ ಬಣ್ಣವನ್ನೂ ಮಾಡುತ್ತಿದ್ದರು. ಸತುವಿನ ಬಿಳಿ ಬಂದುದು ಆಮೇಲೆ. ಕೆಂಪು, ಹಳದಿ, ಕಿತ್ತಳೆ, ಬಿಳಿ ಎಂದು ಬಣ್ಣಗಳು ನಾಲ್ಕು. ಅವುಗಳ ಹಿಂದೆ ನಿಂತ ವಿಷಗಳು ಮೂರು: ಪಾದರಸ, ಪಾಷಾಣ, ಸೀಸ. ಮುಖದ ಸಿಂಗಾರದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಮೂರರ ಇತಿಹಾಸವೇ.

ಗಜೇಂದ್ರಗಡಕ್ಕೆ ಹತ್ತಿರದಲ್ಲಿಯೇ ಸೂಡಿ ಎಂಬ ಊರಿದೆ. ಜೋಡುಕಳಸದ ಗುಡಿಯನ್ನೂ ಕಲ್ಲಿನಲ್ಲಿ ಕಟ್ಟಿದ ನಾಗಕುಂಡವನ್ನೂ ನೋಡಲು ಈಗಲೂ ಜನ ಹೋಗುವುದುಂಟು. ಹನ್ನೊಂದನೆಯ ಶತಮಾನದಲ್ಲಿ ಇದು ಕಿಸುಕಾಡು ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣ. ಕಿಸು ಎಂದರೆ ಹಳಗನ್ನಡದಲ್ಲಿ ಕೆಂಪು. ಈ ನಾಡನ್ನು ಆಳಿದವಳು ಚಾಲುಕ್ಯರ ಮನೆಯ ಹೆಣ್ಣುಮಗಳು ಅಕ್ಕಾದೇವಿ. 1010ರ ಸೂಡಿಯ ಶಾಸನದಲ್ಲಿ ಅವಳ ಆಳಿಕೆಯ ಮಾತು ಬರುತ್ತದೆ. 1047ರಲ್ಲಿ ಗೋಕಾಕಿನ ಕೋಟೆಗೆ ಮುತ್ತಿಗೆ ಹಾಕಿದ ವೀರಳೂ ಅವಳೇ. ಅವಳ ತಮ್ಮ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನೆಂಬ ಕವಿ 'ಲೋಕೋಪಕಾರ'ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ಹೆಸರಿಗೆ ತಕ್ಕಂತೆ ಅದು ಲೋಕದ ಉಪಕಾರಕ್ಕೆಂದೇ ಹುಟ್ಟಿದ ಪುಸ್ತಕ. ಮನೆ ಕಟ್ಟುವುದು ಹೇಗೆ, ನೆಲದಡಿಯ ನೀರನ್ನು ಗುರುತಿಸುವುದು ಹೇಗೆ, ಗಿಡಮರಗಳ ಆರೈಕೆ ಹೇಗೆ, ಅಡಿಗೆ ಹೇಗೆ ಎಂಬುದನ್ನೆಲ್ಲ ಅದು ಹೇಳುತ್ತದೆ. ನಮ್ಮ ಮಾತಿಗೆ ಬೇಕಾದುದು ಇನ್ನೆರಡು: ಅದರಲ್ಲಿ ಸುಗಂಧದ್ರವ್ಯಗಳನ್ನು ಕೂಡಿಸುವ ವಿಚಾರವಿದೆ, ವಿಷವೈದ್ಯದ ವಿಚಾರವೂ ಇದೆ.

ಗಂಧವೂ ವಿಷವೂ ಒಂದೇ ಪುಸ್ತಕದ ಎರಡು ಮಡಿಕೆಗಳಲ್ಲಿ ಕುಳಿತಿರುವುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಗೃಹಸ್ಥನು ಎರಡನ್ನೂ ತಿಳಿದಿರಬೇಕು. ಮೈಗೆ ಹಚ್ಚುವುದು ಯಾವುದು, ಮೈಯಿಂದ ದೂರ ಇಡತಕ್ಕದ್ದು ಯಾವುದು ಎಂಬ ವಿವೇಕ ಒಂದೇ ಮನೆಯ ವಿದ್ಯೆ ಎಂಬುದು ಆ ಕಾಲದ ಎಣಿಕೆಯಾಗಿದ್ದಿರಬೇಕು. ಮುಂದೆ ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು 'ಖಗೇಂದ್ರಮಣಿದರ್ಪಣ'ವೆಂದು ವಿಷವೈದ್ಯಕ್ಕೇ ಒಂದು ಇಡಿಯ ಗ್ರಂಥವನ್ನು ಕನ್ನಡದಲ್ಲಿ ಬರೆದನು.

ಇದೇ ಚಾಲುಕ್ಯ ವಂಶದ ಮುಮ್ಮಡಿ ಸೋಮೇಶ್ವರನ 'ಮಾನಸೋಲ್ಲಾಸ'ವನ್ನೂ ಇಲ್ಲಿ ನೆನೆಯಬೇಕು. 1130ರ ಸುಮಾರಿನ ಈ ಸಂಸ್ಕೃತ ಗ್ರಂಥದಲ್ಲಿ ಅರಸನ ಸ್ನಾನ, ವಿಲೇಪನ, ತಾಂಬೂಲ, ಮಾಲೆ ಇವುಗಳಿಗೆಲ್ಲ ಬೇರೆ ಬೇರೆ ಅಧ್ಯಾಯಗಳಿವೆ. ಮೈಗೆ ಬಳಿಯುವ ವಿಲೇಪನವೆಂದರೆ ಶ್ರೀಗಂಧ, ಕಸ್ತೂರಿ, ಕೇಸರಿ, ಕರ್ಪೂರಗಳದು. ಅದೇ ಗ್ರಂಥದಲ್ಲಿ ಚಿತ್ರಕಲೆಯ ಮಾತು ಬಂದಾಗ ಗೋಡೆಯ ಮೇಲಿನ ಚಿತ್ರಕ್ಕೆ ಹೇಳಿದ ಬಣ್ಣಗಳ ಸಾಲಿನಲ್ಲಿ ಇಂಗಳೀಕ ಬರುತ್ತದೆ, ಅರದಾಳ ಬರುತ್ತದೆ. ಮೈಗೆ ಗಂಧ, ಗೋಡೆಗೆ ಅರದಾಳ. ಎಷ್ಟು ಚೆಲುವಾದ ಹಂಚಿಕೆ!

ಆದರೆ ಹಿಂದಿನವರೆಲ್ಲ ಹೀಗೆಯೇ ನಡೆದುಕೊಂಡರೆಂದು ಹೇಳಿ ಓದುಗರನ್ನು ಮೆಚ್ಚಿಸಲಾರೆ. ಆಯುರ್ವೇದದ ಕೆಲವು ಮುಖಲೇಪಗಳಲ್ಲಿ ಹರಿತಾಲವೂ ಮನಃಶಿಲೆಯೂ ಬರುತ್ತವೆ. ಶುದ್ಧಿಮಾಡಿ ಬಳಸಬೇಕೆಂಬ ಕಟ್ಟಳೆಯೊಂದೇ ಅವಕ್ಕೆ ಕಾವಲು. ಅರದಾಳವನ್ನು ಶಂಖದ ಸುಣ್ಣದೊಡನೆ ಅರೆದು ಹಚ್ಚಿ ಬೇಡದ ಕೂದಲನ್ನು ತೆಗೆಯುವ ಪದ್ಧತಿ ನಮ್ಮಲ್ಲಿಯೂ ಇತ್ತು, ತುರ್ಕಿಯವರ ಸ್ನಾನಗೃಹಗಳಲ್ಲಿಯೂ ಇತ್ತು. ಕೂದಲನ್ನು ಬುಡದಿಂದ ತಿನ್ನುವ ವಸ್ತು ಚರ್ಮವನ್ನು ಸುಮ್ಮನೆ ಬಿಟ್ಟೀತೆ? ಯುರೋಪಿನ ಸಿರಿವಂತ ಹೆಂಗಸರು ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಸೀಸದ ಬಿಳಿಯನ್ನು ಮುಖಕ್ಕೆ ಬಳಿದುಕೊಂಡು, ಅದರಿಂದ ಕೆಟ್ಟ ಚರ್ಮವನ್ನು ಮುಚ್ಚಲು ಮತ್ತೆ ಅದನ್ನೇ ಬಳಿದುಕೊಳ್ಳುತ್ತಿದ್ದರು. ಆದುದರಿಂದ ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದ್ದು ಎಂಬ ಸುಲಭದ ಮಾತು ಇಲ್ಲಿ ನಡೆಯದು.

ಮುಖಕ್ಕೆ ಬಣ್ಣ ಹಚ್ಚುವುದನ್ನೇ ಕಸಬು ಮಾಡಿಕೊಂಡವರನ್ನು ನೋಡಿದರೆ ಈ ಮಾತು ಇನ್ನಷ್ಟು ತಿಳಿಯಾಗುತ್ತದೆ. ರೋಣ, ನರಗುಂದದ ಸೀಮೆ ದೊಡ್ಡಾಟ, ಸಣ್ಣಾಟ, ಪಾರಿಜಾತಗಳ ಸೀಮೆ. ಸುಗ್ಗಿ ಮುಗಿದು ರಾಶಿ ಮನೆಗೆ ಬಂದ ಮೇಲೆ ಊರ ಮುಂದೆ ಅಟ್ಟ ಕಟ್ಟಿ ಬೆಳತನಕ ಆಟ ಆಡುವುದು ಇಲ್ಲಿಯ ವಾಡಿಕೆ. ರಾಕ್ಷಸನ ಮುಖಕ್ಕೆ ಕೆಂಪು ಬೇಕು, ರಾಜನ ಮುಖಕ್ಕೆ ಹಳದಿಯ ಹೊಳಪು ಬೇಕು, ಹುಬ್ಬಿಗೆ ಕಪ್ಪು, ಬೊಟ್ಟುಗಳಿಗೆ ಬಿಳಿ. ಬಣ್ಣಗಾರನ ಹಳೆಯ ಪೆಟ್ಟಿಗೆಯಲ್ಲಿ ಇಂಗಳೀಕ, ಅರದಾಳ, ಕಾಡಿಗೆ, ಸಫೇದಗಳಿದ್ದುದು ಇದಕ್ಕಾಗಿಯೇ. ಕರಾವಳಿಯ ಯಕ್ಷಗಾನದವರಿಗೂ ಇವೇ ಬಣ್ಣಗಳು, ಕೇರಳದ ಕಥಕಳಿಯವರಿಗೂ ಇವೇ. ಎಣ್ಣೆಯಲ್ಲಿ ಅರೆದ ಬಣ್ಣ, ದೀಪದ ಕಾವು, ಕುಣಿತದ ಬೆವರು ಇವು ಮೂರೂ ಸೇರಿ ರಾತ್ರಿಯೆಲ್ಲ ಮುಖದ ಮೇಲೆ ಕುಳಿತಿರುತ್ತಿದ್ದವು.

1870ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು ನಾಟಕ ಮಂಡಳಿ ಕಟ್ಟಿದರು. ಮುಂದೆ ಗರುಡ ಸದಾಶಿವರಾಯರ ಕಂಪನಿ ನಾಡೆಲ್ಲ ಹೆಸರಾಯಿತು. ಆಟದ ಅಟ್ಟ ಹೋಗಿ ರಂಗಮಂದಿರ ಬಂದರೂ ನಟನ ಮುಖಕ್ಕೆ ಬಣ್ಣ ತಪ್ಪಲಿಲ್ಲ. ದೂರದ ಜಪಾನಿನಲ್ಲಿ ಇದೇ ಕಾಲಕ್ಕೆ ನಡೆದ ಸಂಗತಿಯೊಂದು ಇಲ್ಲಿ ಹೇಳತಕ್ಕದ್ದಾಗಿದೆ. ಅಲ್ಲಿಯ ಕಾಬುಕಿ ನಾಟಕದ ನಟರು ಮುಖ, ಕೊರಳು, ಕೈಗಳಿಗೆಲ್ಲ ಸೀಸದ ಬಿಳಿಯನ್ನು ದಪ್ಪವಾಗಿ ಬಳಿಯುತ್ತಿದ್ದರು. 1887ರಲ್ಲಿ ಚಕ್ರವರ್ತಿಯ ಮುಂದೆ ಆಟವಾಡುತ್ತಿದ್ದಾಗ ನಕಮುರಾ ಫುಕುಸುಕೆ ಎಂಬ ಹೆಸರಾಂತ ನಟನ ಕಾಲು ತಡೆಯಿಲ್ಲದೆ ನಡುಗತೊಡಗಿತು. ಅದು ಅಂಜಿಕೆಯ ನಡುಕವಲ್ಲ, ಮೈಯೊಳಗೆ ಕೂಡಿದ ಸೀಸದ ನಡುಕವೆಂದು ಗೊತ್ತಾಯಿತು. ಆದರೂ ಸೀಸದ ಬಿಳಿಯನ್ನು ಅಲ್ಲಿ ಕಾಯಿದೆಯಿಂದ ನಿಲ್ಲಿಸಲು 1930ರ ದಶಕ ಬರಬೇಕಾಯಿತು. ವಿಷವೆಂದು ತಿಳಿಯುವುದಕ್ಕೂ ವಿಷವನ್ನು ಬಿಡುವುದಕ್ಕೂ ನಡುವೆ ಅರ್ಧ ಶತಮಾನ ಕಳೆದುಹೋಗುತ್ತದೆ.

ಹಾಗಿದ್ದರೂ ನಮ್ಮ ದೊಡ್ಡಾಟದವನಿಗೆ ಮೂರು ಕಾವಲುಗಳಿದ್ದವು. ತಾನು ಹಚ್ಚಿಕೊಳ್ಳುವ ವಸ್ತುವಿನ ಹೆಸರು ಅವನಿಗೆ ಗೊತ್ತಿತ್ತು. ಅರದಾಳವೆಂದರೆ ನಾಲಗೆಗೆ ತಾಗಿಸತಕ್ಕ ವಸ್ತುವಲ್ಲವೆಂದು ಅವನು ಬಲ್ಲ. ಹಚ್ಚಿಕೊಳ್ಳುವುದಕ್ಕೆ ಒಂದು ಹೊತ್ತಿತ್ತು. ವರ್ಷಕ್ಕೆ ಕೆಲವು ರಾತ್ರಿ ಮಾತ್ರ, ಬೆಳಗಾದೊಡನೆ ಎಣ್ಣೆ ಹಚ್ಚಿ ತೊಳೆದುಬಿಡುವುದು. ಅರೆದು ಕೊಟ್ಟವನು ಯಾರೆಂಬುದೂ ಅವನಿಗೆ ಗೊತ್ತಿತ್ತು. ಹೆಸರು, ಹೊತ್ತು, ಮಾಡಿದವನ ಗುರುತು ಈ ಮೂರು ಕಾವಲುಗಳನ್ನು ಓದುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದಿನ ಕಥೆಯೆಲ್ಲ ಇವು ಒಂದೊಂದಾಗಿ ಕಳಚಿ ಬಿದ್ದ ಕಥೆ.

ಇನ್ನು ಮನೆಯೊಳಗೆ ಬರೋಣ. ನಮ್ಮ ಹೆಣ್ಣುಮಕ್ಕಳ ಕುಂಕುಮ ಮೂಲದಲ್ಲಿ ಅರಿಷಿಣವೇ. ಆರತಿಯ ತಟ್ಟೆಯಲ್ಲಿ ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಅದು ಕೆಂಪಗಾಗುವುದನ್ನು ನೋಡದ ಮನೆಯಿಲ್ಲ. ಅದಕ್ಕೆ ನಿಂಬೆಯ ಹುಳಿ ಹಿಂಡಿದರೆ ತಿರುಗಿ ಹಳದಿಯಾಗುತ್ತದೆ. ಕುಂಕುಮ ಮಾಡುವವರು ಅರಿಷಿಣದ ಕೊಂಬಿಗೆ ನಿಂಬೆಹುಳಿ, ಬಿಳಿಗಾರ, ಪಟಿಕಗಳನ್ನು ಕೂಡಿಸಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಸೋಸುತ್ತಿದ್ದರು. ಇದು ದಿನಗಟ್ಟಲೆ ಹಿಡಿಯುವ ಕೆಲಸ. ಬರುವ ಬಣ್ಣವೂ ಕಣ್ಣು ಕುಕ್ಕುವಂಥದಲ್ಲ, ಸ್ವಲ್ಪ ಮಬ್ಬಾದ ಕೆಂಪು. ಹಣೆಗೆ ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಟ್ಟರೆ ಸಂಜೆಯವರೆಗೂ ಇರುತ್ತಿತ್ತು.

ಆದರೆ ಮನೆಯ ಹೊರಗೆ ಇನ್ನೊಂದು ಕೆಂಪಿತ್ತು. ಊರಿಗೊಬ್ಬ ಹಣಮಪ್ಪನಿಲ್ಲದ ಹಳ್ಳಿ ನಮ್ಮ ಕಡೆ ಇಲ್ಲ. ಅವನ ಮೈಗೆ ಎಣ್ಣೆಯಲ್ಲಿ ಕಲಸಿ ಬಳಿಯುವ ಕಿತ್ತಳೆಯ ಸಿಂಧೂರವು ಸೀಸದ್ದು. ಕಲ್ಲಿನ ಮೂರ್ತಿಗೆ ಅದರಿಂದ ಕೇಡಿಲ್ಲ. ಅದನ್ನೇ ಬೆರಳಿನಿಂದ ಒರಸಿ ಕೂಸಿನ ಹಣೆಗೆ ಇಡುವುದು, ಆ ಕೂಸು ಹಣೆ ಉಜ್ಜಿದ ಕೈಯನ್ನು ಬಾಯಿಗೆ ಹಾಕುವುದು, ಅಲ್ಲಿಂದ ಕೇಡು ಮೊದಲು. ಸೀಸವು ಚರ್ಮದಿಂದ ಒಳಗೆ ಇಳಿಯುವುದು ಕಡಿಮೆ. ಬಾಯಿಂದ ಇಳಿಯುವುದು ಹೆಚ್ಚು. ಇಳಿದುದು ಎಲುಬಿನಲ್ಲಿ ಕೂಡಿಕೊಂಡು ವರ್ಷಾನುವರ್ಷ ಇರುತ್ತದೆ. ಬೆಳೆಯುವ ಮಕ್ಕಳ ಬುದ್ಧಿಗೆ ಅಡ್ಡವಾಗುತ್ತದೆ. ಇಷ್ಟೇ ಸೀಸವಾದರೆ ಬಾಧೆಯಿಲ್ಲ ಎನ್ನಬಹುದಾದ ಅಳತೆ ಮಕ್ಕಳಿಗೆ ಇಲ್ಲವೆಂದೇ ವೈದ್ಯರು ಈಗ ಹೇಳುತ್ತಾರೆ.

ಕಾಡಿಗೆಯದೂ ಇಂಥದೇ ಕಥೆ. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಬೋರಲು ಹಾಕಿ, ಮೆತ್ತಿದ ಮಸಿಯನ್ನು ತುಪ್ಪದಲ್ಲಿ ಕಲಸಿದ ಕಾಡಿಗೆ ಒಂದು. ಉತ್ತರ ದೇಶದಿಂದ ಬಂದ ಸುರುಮಾ ಇನ್ನೊಂದು. ಎರಡೂ ಕಪ್ಪು, ಎರಡೂ ಕಣ್ಣಿಗೆ. ಸುರುಮಾ ಬಹಳ ಕಡೆ ಸೀಸದ ಅದಿರನ್ನು ಅರೆದ ಪುಡಿ. ಮನೆಯ ಕಾಡಿಗೆಯಲ್ಲಿ ಸೀಸವಿಲ್ಲ. ಆದರೂ ಎಳೆಗೂಸಿನ ಕಣ್ಣೊಳಗೆ ಬೆರಳಿನಿಂದ ಏನನ್ನೂ ತೀಡಬಾರದೆಂದು ಮಕ್ಕಳ ವೈದ್ಯರು ಹೇಳುವುದು ಸರಿಯಾದ ಮಾತು. ದೃಷ್ಟಿಯ ಬೊಟ್ಟು ಕೆನ್ನೆಯ ಮೇಲೆ ಇದ್ದರೆ ಸಾಲದೆ?

1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಇಂಗ್ಲಿಷ್ ತರುಣನು ಕಲ್ಲಿದ್ದಲಿನ ಡಾಂಬರಿನಿಂದ ಬಂದ ವಸ್ತುವಿನಿಂದ ನೇರಿಳೆ ಬಣ್ಣವನ್ನು ತೆಗೆದನು. ಅಲ್ಲಿಂದ ಮುಂದೆ ಯುರೋಪಿನ ಕಾರಖಾನೆಗಳಿಂದ ಬಣ್ಣಗಳ ಹೊಳೆಯೇ ಹರಿಯಿತು. 1880ರ ದಶಕದಲ್ಲಿ ಗದಗಿನಿಂದ ಹೊಟಗಿಗೆ ರೈಲುದಾರಿಯಾಯಿತು. ಅದು ರೋಣ ತಾಲೂಕಿನ ಹೊಳೆಆಲೂರನ್ನು ಹಾದುಹೋಗುತ್ತದೆ. ಆಗ ಈ ಸೀಮೆಯೆಲ್ಲ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಮುಂಬಯಿಯ ಸರಕು ಇಲ್ಲಿಗೆ ಬರುವುದಕ್ಕೆ ದಾರಿ ಸುಲಭವಾಯಿತು. ಗಜೇಂದ್ರಗಡದ ನೇಕಾರರ ಸೀರೆಗೂ, ನೆರೆಯ ಇಲಕಲ್ಲಿನ ಸೀರೆಗೂ ಬೇರು ತೊಗಟೆಗಳ ಬಣ್ಣ ಹೋಗಿ ಡಬ್ಬಿಯ ಬಣ್ಣ ಬಂತು. ನೂಲಿಗೆ ಬಣ್ಣ ಬಂದುದರಲ್ಲಿ ತಪ್ಪಿಲ್ಲ. ತಪ್ಪಾದುದು ನೂಲಿನ ಬಣ್ಣ ಹಣೆಗೆ ಏರಿದಾಗ. ಪಿಷ್ಟದ ಪುಡಿಗೋ ಸುಣ್ಣಕಲ್ಲಿನ ಹಿಟ್ಟಿಗೋ ಚಿಟಿಕೆ ಕಾರಖಾನೆಯ ಕೆಂಪು ಕಲಸಿದರೆ ಒಂದು ಗಳಿಗೆಯಲ್ಲಿ ಮಣಗಟ್ಟಲೆ ಕುಂಕುಮ ಸಿದ್ಧ! ಅರಿಷಿಣ ಬೇಕಿಲ್ಲ, ನೆರಳು ಬೇಕಿಲ್ಲ, ಕುಟ್ಟುವ ಕೈ ಬೇಕಿಲ್ಲ.

ಇಂಥ ಕೆಂಪುಗಳಲ್ಲಿ ಒಂದರ ಹೆಸರು ಸುಡಾನ್ ಒಂದು. ಅದು ಎಣ್ಣೆ, ಮೇಣಗಳಿಗೆ ಬಣ್ಣ ಕೊಡುವುದಕ್ಕೆಂದು ಹುಟ್ಟಿದುದು. 1970ರ ದಶಕದಲ್ಲಿ ಜಪಾನಿನ ಹೆಂಗಸರ ಮುಖದ ಮೇಲೆ ಕಾರಣ ತಿಳಿಯದ ಕಂದುಗಪ್ಪು ಕಲೆಗಳು ಕಾಣಿಸಿಕೊಂಡಾಗ ಅಲ್ಲಿಯ ಚರ್ಮವೈದ್ಯರು ಹುಡುಕಿ ಹಿಡಿದ ತಪ್ಪಿತಸ್ಥರಲ್ಲಿ ಇದೂ ಒಂದು. ಕುಂಕುಮ ಇಟ್ಟುಕೊಳ್ಳುವವರಲ್ಲಿಯೂ ಇದೇ ಬಗೆಯ ಕಲೆಯನ್ನು ವೈದ್ಯರು ಗುರುತಿಸಿದ್ದಾರೆ. ಹಣೆಯ ನಡುವೆ ಕುಂಕುಮದಷ್ಟೇ ಅಗಲದ ಕಪ್ಪು, ತುರಿಕೆ, ಸಣ್ಣ ಗುಳ್ಳೆ. ಅಂಥ ಹಣೆಗಳನ್ನು ನೋಡದವರು ನಮ್ಮಲ್ಲಿ ವಿರಳ. ಕುಂಕುಮ ಬೇಡವೆಂದು ಅಂಟಿಸುವ ಟಿಕಳಿಗೆ ತಿರುಗಿದವರಿಗೆ ಬೇರೊಂದು ಕಾಟ. ಕೆಲವು ಟಿಕಳಿಗಳ ಅಂಟಿನಲ್ಲಿದ್ದ ಫಿನಾಲ್ ಜಾತಿಯ ವಸ್ತುವು ಚರ್ಮದ ಬಣ್ಣವನ್ನೇ ಕೊಂದು ಬಿಳಿಯ ಮಚ್ಚೆ ಎಬ್ಬಿಸುತ್ತದೆಂದು ನಮ್ಮ ದೇಶದ ವೈದ್ಯರೇ 1990ರಲ್ಲಿ ಪ್ರಕಟಿಸಿದರು. ತೊನ್ನೆಂದು ಅಂಜಿ, ಮಗಳ ಮದುವೆ ನಿಂತೀತೆಂದು ಕಣ್ಣೀರಿಡುವ ಮನೆಗಳಿಗೆ, ಇದು ಟಿಕಳಿಯ ಅಂಟಿನಿಂದಲೂ ಬರಬಹುದು ಎಂಬ ಒಂದು ಮಾತು ಎಷ್ಟು ದೊಡ್ಡ ಸಮಾಧಾನ!

ಜಾತ್ರೆಯೊಂದರಲ್ಲಿ ಗುಡ್ಡೆ ಹಾಕಿದ ಕುಂಕುಮವನ್ನು ನೋಡಿ ಅಂಗಡಿಯ ತಾಯಿಯನ್ನು ನಾನು ಕೇಳಿದೆ:

"ಯವ್ವಾ, ಇದು ಅರಿಷಿಣದ್ದ ಏನ?"

"ಅರಿಷಿಣದ್ದ ಬೇಕಂದ್ರ ಬ್ಯಾರೆ ಐತ್ರಿ ಅಕ್ಕಾರ, ರೊಕ್ಕ ಜಾಸ್ತಿ ಆಗತೈತಿ. ಇದನ್ನ ಎಲ್ಲಾರೂ ಒಯ್ತಾರ, ಬಣ್ಣ ಚಲೋ ಹತ್ತತೈತಿ."

"ಇದರಾಗ ಏನ ಹಾಕಿರ್ತಾರ?"

"ಅದೆಲ್ಲಾ ನಮಗೇನ ಗೊತ್ರಿ? ಚೀಲ ಬರತಾವು, ನಾವು ಮಾರತೀವಿ."

ಆ ತಾಯಿ ಸುಳ್ಳು ಹೇಳಲಿಲ್ಲ. ಚೀಲ ಬರುತ್ತದೆ, ಅವಳು ಮಾರುತ್ತಾಳೆ. ಚೀಲದ ಮೇಲೆ ಹೆಸರಿಲ್ಲ, ಒಳಗಿನ ವಸ್ತುವಿನ ಪಟ್ಟಿಯಿಲ್ಲ, ಮಾಡಿದವನ ಊರಿಲ್ಲ. ದೊಡ್ಡಾಟದವನಿಗಿದ್ದ ಮೂರು ಕಾವಲುಗಳಲ್ಲಿ ಎರಡು ಇಲ್ಲಿಗೇ ಬಿದ್ದುಹೋದವು. ಮೂರನೆಯದಾದ ಹೊತ್ತು ಮೊದಲೇ ಇಲ್ಲ. ಕುಂಕುಮ ದಿನವೂ ಇಡತಕ್ಕದ್ದು. ಇದು ಬಡವರ ಜಾತ್ರೆಯ ಮಾತೆಂದು ಪಟ್ಟಣದವರು ನಿಶ್ಚಿಂತರಾಗಬೇಕಿಲ್ಲ. 2017ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು ಅಲ್ಲಿಯ ಹಾಗೂ ನಮ್ಮ ದೇಶದ ಅಂಗಡಿಗಳಿಂದ ಕೊಂಡ ಸಿಂಧೂರದ 118 ಮಾದರಿಗಳನ್ನು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ನೂರಕ್ಕೆ ಸುಮಾರು 80ರಲ್ಲಿ ಸೀಸವು ಅಳತೆಗೆ ಸಿಕ್ಕಿತು. ಮೂರರಲ್ಲಿ ಒಂದರಷ್ಟು ಮಾದರಿಗಳಲ್ಲಿ ಅದು ಅಮೆರಿಕದ ಮಿತಿಯಾದ ಹತ್ತು ಲಕ್ಷಕ್ಕೆ 20 ಭಾಗವನ್ನು ದಾಟಿತ್ತು.

ಇಲ್ಲಿಯವರೆಗೆ ಹೇಳಿದುದು ಬಣ್ಣ ಹಚ್ಚಿಕೊಳ್ಳುವ ಕಥೆ. ಇನ್ನು ಬಣ್ಣ ತೆಗೆದುಕೊಳ್ಳುವ ಕಥೆ. ಇದು ಹೆಚ್ಚು ದಾರುಣವಾದುದು. ರೋಣ, ನರಗುಂದದ ಎರೆಹೊಲದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕಳೆ ತೆಗೆಯುವ ಹೆಣ್ಣುಮಗಳ ಮೈ ಕಪ್ಪಗಿದ್ದರೆ ಅದು ಆ ಬಿಸಿಲಿಗೆ ದೇಹವೇ ಹಿಡಿದ ಕೊಡೆ. ಆದರೆ ಕನ್ಯೆ ನೋಡಲು ಬಂದವರ ಕಣ್ಣಿಗೆ ಆ ಕೊಡೆ ಕುಂದಾಗಿ ಕಾಣುತ್ತದೆ. ಮುಂಬಯಿಯಿಂದ ಸ್ನೋ ಬಂತು, ಪೌಡರು ಬಂತು. ಆಮೇಲೆ ಬೆಳ್ಳಗೆ ಮಾಡುತ್ತೇವೆಂದು ಮಾತು ಕೊಡುವ ಕ್ರೀಮು ಬಂತು. ಪಾದರಸದ ಕೆಲವು ಲವಣಗಳಿಗೆ ಚರ್ಮದೊಳಗೆ ಕಪ್ಪು ಬಣ್ಣ ಹುಟ್ಟುವುದನ್ನು ತಡೆಯುವ ಗುಣವುಂಟು. ಇಂಗಳೀಕದಲ್ಲಿಯೂ ಪಾದರಸವಿದೆ; ಆದರೆ ಅದು ನೀರಿನಲ್ಲಿ ಕರಗದ ವಸ್ತುವಾದುದರಿಂದ ಮೈಯೊಳಗೆ ಇಳಿಯುವುದು ಕಡಿಮೆ. ಕ್ರೀಮಿನಲ್ಲಿ ಸೇರಿಸುವ ಲವಣಗಳಾದರೋ ಚರ್ಮವನ್ನು ದಾಟಿ ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಕುಳಿತುಕೊಳ್ಳುತ್ತವೆ. ಗೋಡೆಯ ಬಣ್ಣಕ್ಕಿಂತ ಡಬ್ಬಿಯ ಬಿಳಿ ಹೆಚ್ಚು ವಿಷವಾಯಿತು!

ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ 32 ಬಗೆಯ ಬಿಳುಪಿನ ಕ್ರೀಮುಗಳನ್ನು ಪರೀಕ್ಷಿಸಿದಾಗ 14ರಲ್ಲಿ ಪಾದರಸ ಸಿಕ್ಕಿತು. ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್ಲಿನ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡದ ಬೇನೆಯಿಂದ ಬಂದ 22 ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ 15 ಮಂದಿಯ ಬೇನೆ ಸಾಮಾನ್ಯವಾಗಿ ಕಾಣದ ಒಂದೇ ಜಾತಿಯದು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಮುಖ ಬಾತು ಕಾಲು ಬಾತು ಆಸ್ಪತ್ರೆಗೆ ಬಂದವರಿಗೆ ಇದಕ್ಕೆಲ್ಲ ಕಾರಣ ಕನ್ನಡಿಯ ಮುಂದಿನ ಡಬ್ಬಿಯೆಂದು ಹೊಳೆಯುವುದಾದರೂ ಹೇಗೆ? ಪಾದರಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಡಬ್ಬಿಯ ಮೇಲೆ ಹೆಸರೂ ಇಲ್ಲ.

ಪಾದರಸವಿಲ್ಲದ ಕಡೆ ಸ್ಟೆರಾಯ್ಡು ಇರುತ್ತದೆ. ಇಸುಬಿಗೆಂದು ವೈದ್ಯರು ಬರೆದುಕೊಡುವ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಮೊದಲಾದವು ಹಚ್ಚಿದ ಹೊಸತರಲ್ಲಿ ಮುಖವನ್ನು ತಿಳಿಗೊಳಿಸುತ್ತವೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಈರುಳ್ಳಿಯ ಸಿಪ್ಪೆಯಂತೆ ತೆಳ್ಳಗಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಬೇಡದ ಕಡೆ ಕೂದಲು ಬರುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ. ಉರಿಗೆ ಅಂಜಿ ಮತ್ತೆ ಹಚ್ಚುತ್ತಾರೆ. ಸೀಸದ ಬಿಳಿಯನ್ನು ಹಚ್ಚುತ್ತಿದ್ದ ಯುರೋಪಿನ ಹೆಂಗಸರ ಗತಿಯೇ ಇದು. 2018ರಲ್ಲಿ ಕೇಂದ್ರ ಸರಕಾರವು ಇಂಥ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕಟ್ಟುಮಾಡಿತು. ಚೀಟಿಯಿಲ್ಲದೆ ಕೊಡುವ ಅಂಗಡಿಗಳು ಎಷ್ಟೆಂಬುದನ್ನು ಓದುಗರೇ ತಮ್ಮ ಓಣಿಯಲ್ಲಿ ಎಣಿಸಿಕೊಳ್ಳಬಹುದು.

ಕಾಯಿದೆಯ ಮಾತು ಬಂದುದರಿಂದ ಅದರ ಇತಿಹಾಸವನ್ನೂ ಎರಡು ಮಾತಿನಲ್ಲಿ ಹೇಳಬೇಕು. 1933ರ ಸುಮಾರಿಗೆ ಅಮೆರಿಕದಲ್ಲಿ ರೆಪ್ಪೆಗೂದಲಿಗೆ ಹಚ್ಚುವ ಬಣ್ಣವೊಂದರಿಂದ ಹೆಂಗಸರು ಕಣ್ಣು ಕಳೆದುಕೊಂಡರು. ಅದರಲ್ಲಿದ್ದುದು ಇಂದಿಗೂ ತಲೆಗೂದಲಿನ ಕಪ್ಪು ಬಣ್ಣಗಳಲ್ಲಿ ಇರುವ ಪ್ಯಾರಾಫಿನಿಲೀನ್ ಡೈಅಮೀನ್. ಮದುವೆಮನೆಗಳಲ್ಲಿ ಕರಿ ಮೆಹಂದಿ ಎಂದು ಹಚ್ಚುವ ಬಣ್ಣದಲ್ಲಿಯೂ ಬಹಳ ಕಡೆ ಇದೇ ಸೇರಿರುತ್ತದೆ. ಆ ಅನಾಹುತದ ಬಳಿಕ, 1938ರಲ್ಲಿ ಅಲ್ಲಿಯ ಸರಕಾರ ಸೌಂದರ್ಯದ್ರವ್ಯಗಳನ್ನು ಕಾಯಿದೆಯ ಹಿಡಿತಕ್ಕೆ ತಂದಿತು. ನಮ್ಮಲ್ಲಿ 1940ರಲ್ಲಿ ಔಷಧಗಳ ಕಾಯಿದೆಯಾಯಿತು. ಅದಕ್ಕೆ ಸೌಂದರ್ಯದ್ರವ್ಯಗಳನ್ನೂ ಸೇರಿಸಿದುದು 1962ರ ತಿದ್ದುಪಡಿ. ಬಣ್ಣಕ್ಕಾಗಿ ಸೀಸದ ಇಲ್ಲವೆ ಪಾಷಾಣದ ಲವಣಗಳನ್ನು ಬೆರೆಸಬಾರದು. ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ ಸೀಸ 20, ಪಾಷಾಣ 2 ಭಾಗ ಮೀರಬಾರದು ಎಂಬುದು ನಮ್ಮ ನಿಯಮ. 2020ರ ಸೌಂದರ್ಯದ್ರವ್ಯಗಳ ನಿಯಮಾವಳಿಯು ಪಾದರಸಕ್ಕೆ, ತಿಳಿಯದೆ ಸೇರಿದುದಾದರೂ, ಹತ್ತು ಲಕ್ಷಕ್ಕೆ 1 ಭಾಗದ ಮಿತಿ ಹಾಕಿತು. ಪಾದರಸದ ಬಗೆಗಿನ ಮಿನಮಾಟಾ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. 2023ರಲ್ಲಿ ಆ ರಾಷ್ಟ್ರಗಳು ಪಾದರಸ ಸೇರಿಸಿದ ಸೌಂದರ್ಯದ್ರವ್ಯಗಳನ್ನು 2025ರೊಳಗೆ ಪೂರ್ತಿಯಾಗಿ ನಿಲ್ಲಿಸಬೇಕೆಂದು ಗೊತ್ತುಮಾಡಿದವು.

ಕಾಯಿದೆ ಮಾಡಿದುದೆಲ್ಲ ಒಂದೇ ಕೆಲಸ: ಬಿದ್ದುಹೋದ ಕಾವಲುಗಳನ್ನು ಮರಳಿ ನಿಲ್ಲಿಸುವುದು. ಡಬ್ಬಿಯ ಮೇಲೆ ಒಳಗಿನ ವಸ್ತುಗಳ ಪಟ್ಟಿ ಇರಬೇಕು, ಇದು ಹೆಸರು. ಯಾವಾಗಿನವರೆಗೆ ಬಳಸಬಹುದೆಂಬುದು ಇರಬೇಕು, ಇದು ಹೊತ್ತು. ಮಾಡಿದವನ ವಿಳಾಸ, ಪರವಾನಿಗೆಯ ಅಂಕೆ ಇರಬೇಕು, ಇದು ಗುರುತು. ಈ ಮೂರೂ ಇಲ್ಲದ ಡಬ್ಬಿಯನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ, ಎಷ್ಟೇ ದೂರದ ದೇಶದಿಂದ ಬಂದಿದ್ದರೂ, ಮುಟ್ಟಬಾರದು. ಪಟ್ಟಿಯಲ್ಲಿ ಮರ್ಕ್ಯುರಿ, ಕ್ಯಾಲೋಮೆಲ್, ಅಮೋನಿಯೇಟೆಡ್ ಮರ್ಕ್ಯುರಿ ಎಂಬ ಶಬ್ದ ಕಂಡರೆ ಅದು ನಮ್ಮ ಪಾದರಸವೇ ಹೆಸರು ಬದಲಿಸಿಕೊಂಡು ಬಂದಿದೆಯೆಂದು ತಿಳಿಯಬೇಕು. ಹೈಡ್ರೋಕ್ವಿನೋನ್ ಎಂದಾಗಲಿ, ಕೊನೆಗೆ 'ಸೋನ್' ಎಂದೂ 'ಸೋಲ್' ಎಂದೂ ಮುಗಿಯುವ ಆ ಸ್ಟೆರಾಯ್ಡುಗಳ ಹೆಸರಾಗಲಿ ಕಂಡರೆ ಅದು ವೈದ್ಯನ ಕೈಯಲ್ಲಿರತಕ್ಕ ವಸ್ತು, ಕನ್ನಡಿಯ ಮುಂದಿಡತಕ್ಕದ್ದಲ್ಲ. ತಲೆಗೆ ಬಣ್ಣ ಹಚ್ಚುವವರು ಎರಡು ದಿನ ಮೊದಲು ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಿ ನೋಡಬೇಕು. ಹುಬ್ಬು ರೆಪ್ಪೆಗಳಿಗೆ ಅದನ್ನು ಎಂದೂ ಹಚ್ಚಬಾರದು. ವಾರದಲ್ಲಿ ಮುಖ ಬೆಳ್ಳಗಾಯಿತೆಂದರೆ ಹಿಗ್ಗುವುದಕ್ಕಿಂತ ಅಂಜುವುದು ಲೇಸು. ಅಷ್ಟು ಬೇಗ ಕೆಲಸ ಮಾಡುವುದು ಆ ಎರಡು ವಿಷಗಳಲ್ಲಿ ಒಂದಿರಬೇಕು.

ಇಷ್ಟು ಹೇಳಿದರೂ ಒಂದು ಮಾತು ಉಳಿಯುತ್ತದೆ. ಡಬ್ಬಿಯ ಮೇಲಿನ ಪಟ್ಟಿ ಇರುವುದು ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ. ಸಾವಿರ ವರ್ಷಗಳ ಹಿಂದೆ ಗಂಧವನ್ನೂ ವಿಷವನ್ನೂ ಒಂದೇ ಹೊತ್ತಗೆಯಲ್ಲಿ, ಜನದ ನುಡಿಯಲ್ಲಿ ಬರೆದು ಕೊಟ್ಟ ಕವಿಯೊಬ್ಬ ಈ ನಾಡಿನಲ್ಲಿದ್ದ. ಪಾಷಾಣದ ಖನಿಜಕ್ಕೆ ಅರದಾಳವೆಂದು ಕರೆದು, ಅದನ್ನು ಎಲ್ಲಿ ಇಡಬೇಕೋ ಅಲ್ಲಿ ಇಡಲು ಬಲ್ಲ ಜನವೂ ಇತ್ತು. ಮರ್ಕ್ಯುರಿಗೆ ಪಾದರಸವೆಂದು, ಲೆಡ್ಡಿಗೆ ಸೀಸವೆಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಡಬ್ಬಿಯ ಮೇಲೆ ಬರೆದರೆ, ರೋಣದ ಸಂತೆಯಲ್ಲಿ ಅದನ್ನು ಕೊಳ್ಳುವ ತಾಯಿ ಎಷ್ಟು ಮಂದಿ ಸಿಕ್ಕಾರು?